ಎಳೆಯ ಮಕ್ಕಳ ಎಣಿಕೆ: ಬಾಯಿಂದ ಕೈಗೆ, ಕೈಯಿಂದ ಹಾಳೆಗೆ

ಕಾಫಿ, ಅಡಿಕೆಗಳ ಧಾರಣೆ, ಗೊಬ್ಬರ, ಔಷಧಿ ಸಿಂಪರಣೆಯ ವಿಷಯ ಬರಬೇಕಾದ ಈ ಪುಟಗಳಲ್ಲಿ ಮೂರು ನಾಲ್ಕು ವರ್ಷದ ಮಕ್ಕಳ ಆಟದ ಮಾತೇಕೆ ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಕೇಳಬಹುದು. ಹೋದ ವರ್ಷದವರೆಗೆ ನಾನೂ ಹಾಗೆ ಕೇಳುವವನೇ ಆಗಿದ್ದೆ. ನಮ್ಮ ಮನೆಯ ಜಗಲಿಯ ಮೇಲೆ ನಡೆದ ಒಂದು ಸಣ್ಣ ಸಂಗತಿ ನನ್ನ ಅಭಿಪ್ರಾಯವನ್ನು ಬದಲಾಯಿಸಿತು. ಅದನ್ನು ಮೊದಲು ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ.

ನಂಜನಗೂಡು ತಾಲ್ಲೂಕಿನಲ್ಲಿ ಕಬಿನಿ ನಾಲೆಯ ನೀರು ಹರಿಯುವ ಎರಡೂವರೆ ಎಕರೆ ನನ್ನದು. ಅಡಿಕೆ, ನಡುವೆ ಬಾಳೆ, ಬದುವಿನ ಮೇಲೆ ತೆಂಗು. ಮಗಳನ್ನು ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆಗೆ ಕೊಟ್ಟಿದ್ದೇವೆ. ಮಗನ ಸಂಸಾರ ನಮ್ಮ ಜೊತೆಯಲ್ಲಿಯೇ ಇದೆ. ಅವನ ಮಗಳಿಗೆ ಆಗ ನಾಲ್ಕು ವರ್ಷ. ಬೆಳಿಗ್ಗೆ ವ್ಯಾನಿನಲ್ಲಿ ಪಟ್ಟಣದ ಒಂದು ಶಾಲೆಗೆ ಹೋಗಿ ಮಧ್ಯಾಹ್ನ ಬರುತ್ತಿದ್ದಳು. ನೆಂಟರು ಬಂದಾಗ ಎದುರಿಗೆ ನಿಲ್ಲಿಸಿದರೆ ‘ಒನ್, ಟೂ, ತ್ರೀ’ ಎಂದು ಒಂದೇ ಉಸಿರಿನಲ್ಲಿ ನೂರರವರೆಗೆ ಹೇಳುತ್ತಿದ್ದಳು. ಕೇಳಿದವರೆಲ್ಲ ಬೆನ್ನು ತಟ್ಟುತ್ತಿದ್ದರು. ಕಟ್ಟಿದ ಫೀಜು ದಂಡವಾಗಲಿಲ್ಲ ಎಂದು ನನಗೂ ಸಮಾಧಾನ.

ಒಂದು ದಿನ ಬೀಗರು ಬಂದಿದ್ದರು. ತಾಂಬೂಲದ ತಟ್ಟೆ ಮುಂದಿತ್ತು. “ಪುಟ್ಟಿ, ಆ ಬುಟ್ಟಿಯಿಂದ ಐದು ಅಡಿಕೆ ತಾರಮ್ಮ” ಎಂದೆ. ಅವಳು ಎರಡು ಬೊಗಸೆ ತುಂಬ ತಂದು ಸುರಿದಳು. “ಇಷ್ಟು ಬೇಡ, ಐದೇ ಐದು ಎಣಿಸಿ ಕೊಡು” ಎಂದೆ. ಬೆರಳಿಟ್ಟು ಎಣಿಸಲು ಹೊರಟಳು. ಬೆರಳಿಗಿಂತ ನಾಲಗೆ ಮುಂದೆ ಓಡಿತು. ಆರು ಅಡಿಕೆಯ ಮೇಲೆ ಬೆರಳು ಹೋಗುವಷ್ಟರಲ್ಲಿ ಬಾಯಿ ಹತ್ತು ದಾಟಿತ್ತು. “ಹಾಗಾದರೆ ಎಷ್ಟಿವೆ?” ಎಂದು ಕೇಳಿದರೆ ಮತ್ತೆ ‘ಒನ್’ನಿಂದ ಆರಂಭಿಸಿದಳು. ಬೀಗರು ನಕ್ಕರು. ನನಗೆ ನಗು ಬರಲಿಲ್ಲ. ನೂರರ ತನಕ ಹೇಳುವ ಮಗುವಿಗೆ ಐದು ಎಂದರೆ ಎಷ್ಟು ಎಂಬುದು ಗೊತ್ತಿರಲಿಲ್ಲ.

ಬಾಯಿಪಾಠವೇ ಎಣಿಕೆಯಲ್ಲ

ತಪ್ಪು ಮಗುವಿನದಲ್ಲ ಎಂಬುದು ವಿಚಾರಿಸಿದ ಮೇಲೆ ತಿಳಿಯಿತು. ನೂರರವರೆಗೆ ಹೇಳುವುದು ಹಾಡು ಹೇಳಿದ ಹಾಗೆ. ನಾಲಗೆಗೆ ಅಭ್ಯಾಸವಾದರೆ ಸಾಕು. ಎಣಿಸುವುದು ಬೇರೆ ಕೆಲಸ. ಅದರಲ್ಲಿ ಮೂರು ಸಂಗತಿಗಳು ಒಟ್ಟಿಗೆ ಕೂಡಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಹೇಳಬೇಕು, ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಎಣಿಸಬಾರದು. ಹೆಸರುಗಳು ಪ್ರತಿ ಸಲವೂ ಅದೇ ಕ್ರಮದಲ್ಲಿ ಬರಬೇಕು. ಕೊನೆಗೆ ಹೇಳಿದ ಹೆಸರೇ ಇಡೀ ಗುಂಪಿನ ಲೆಕ್ಕ ಎಂಬುದು ಹೊಳೆಯಬೇಕು. ಈ ಮೂರನೆಯದು ಎಲ್ಲಕ್ಕಿಂತ ತಡವಾಗಿ ಬರುತ್ತದೆ.

ಅಮೆರಿಕದ ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ನಿಯಮಗಳನ್ನು ವಿವರಿಸಿದ್ದಾರೆ. ಇವುಗಳ ಜೊತೆಗೆ ಇನ್ನೆರಡನ್ನು ಸೇರಿಸಿದ್ದಾರೆ: ಯಾವ ವಸ್ತುವನ್ನಾದರೂ ಎಣಿಸಬಹುದು, ಯಾವ ತುದಿಯಿಂದ ಎಣಿಸಿದರೂ ಲೆಕ್ಕ ಒಂದೇ. ದೊಡ್ಡವರಿಗೆ ಇದು ಹೇಳಬೇಕಾದ ಮಾತೇ ಅಲ್ಲ ಎನ್ನಿಸುತ್ತದೆ. ಮಗುವಿಗೆ ಒಂದೊಂದೂ ಹೊಸ ಸಂಗತಿ. ಎಡದಿಂದ ಎಣಿಸಿದಾಗ ಐದಿದ್ದ ಅಡಿಕೆ ಬಲದಿಂದ ಎಣಿಸಿದರೂ ಐದೇ ಇರುತ್ತದೆ ಎಂದು ಅದಕ್ಕೆ ಯಾರು ಹೇಳಿದ್ದಾರೆ?

ಮುಂದೆ ಬಂದ ಸಂಶೋಧಕರು ಇನ್ನೊಂದು ವಿಷಯ ಕಂಡುಕೊಂಡರು. ಮಗುವಿಗೆ ಮೊದಲು ‘ಒಂದು’ ಮಾತ್ರ ಸರಿಯಾಗಿ ತಿಳಿಯುತ್ತದೆ. ಒಂದು ಕೊಡು ಎಂದರೆ ಒಂದು ಕೊಡುತ್ತದೆ, ಎರಡು ಎಂದರೂ ಮೂರು ಎಂದರೂ ಒಂದು ಹಿಡಿ ಕೊಡುತ್ತದೆ. ಹಲವು ತಿಂಗಳು ಕಳೆದ ಮೇಲೆ ‘ಎರಡು’ ಕೈಗೆ ಬರುತ್ತದೆ. ಮತ್ತೆ ಕೆಲವು ತಿಂಗಳಿಗೆ ‘ಮೂರು’. ಅದಾದ ಮೇಲೆ, ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ, ಎಣಿಕೆಯ ಗುಟ್ಟು ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಆ ದಾರಿಯನ್ನು ಮಗು ತಾನೇ ನಡೆಯಬೇಕು. ನಾವು ಕೈ ಹಿಡಿಯಬಹುದು, ಹೊತ್ತುಕೊಂಡು ಹೋಗಲಾರೆವು.

ಕಾಫಿ ಬೆಳೆಗಾರರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಸಸಿಯನ್ನು ಮಡಿಯಿಂದ ಚೀಲಕ್ಕೆ ಇಡುವಾಗ ತಾಯಿಬೇರು ಮಡಿಸಿಹೋದರೆ ಆಗ ಏನೂ ಕಾಣಿಸುವುದಿಲ್ಲ. ಎಲೆ ಹಸಿರಾಗಿಯೇ ಇರುತ್ತದೆ. ತೋಟದಲ್ಲಿ ನೆಟ್ಟು ವರ್ಷಗಳಾದ ಮೇಲೆ, ಬೇಸಿಗೆಯ ಬಿಸಿಲು ಬಿದ್ದಾಗ, ಗಿಡ ಸೊರಗುವುದನ್ನು ನೋಡಿ ನಾವು ಗೊಬ್ಬರವನ್ನು ಬೈಯುತ್ತೇವೆ. ಮಕ್ಕಳ ಲೆಕ್ಕವೂ ಹಾಗೆಯೇ. ನಾಲ್ಕನೆಯ ವರ್ಷದಲ್ಲಿ ಮಡಿಸಿದ ಬೇರು ನಾಲ್ಕನೆಯ ತರಗತಿಯಲ್ಲಿ ಭಾಗಾಕಾರದ ಹೊತ್ತಿಗೆ ಕಾಣಿಸುತ್ತದೆ.

ತಿರುಮಕೂಡಲಿನಲ್ಲಿ ಆರಂಭವಾದ ಕೆಲಸ

ನಮ್ಮ ನೆರೆಯ ತಿರುಮಕೂಡಲು ನರಸೀಪುರವನ್ನು ಎಲ್ಲರೂ ಕಾವೇರಿ, ಕಪಿಲೆಯರ ಸಂಗಮಕ್ಕಾಗಿ ನೆನೆಯುತ್ತಾರೆ. ಎಳೆಯ ಮಕ್ಕಳ ಪಾಠದ ಮಟ್ಟಿಗೆ ಆ ತಾಲ್ಲೂಕಿಗೆ ಇನ್ನೊಂದು ಹೆಗ್ಗಳಿಕೆ ಇದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. 2025ಕ್ಕೆ ಅದಕ್ಕೆ ಐವತ್ತು ವರ್ಷ ತುಂಬಿತು. ಅಂಗನವಾಡಿ ಎಂದರೆ ಪೌಷ್ಟಿಕ ಆಹಾರ ಮತ್ತು ಚುಚ್ಚುಮದ್ದು ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟದ ಮೂಲಕ ಶಾಲಾಪೂರ್ವ ಶಿಕ್ಷಣ ಕೊಡುವುದೂ ಮೊದಲ ದಿನದಿಂದ ಅದರ ಕೆಲಸಗಳಲ್ಲಿ ಒಂದು. ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ‘ನಲಿ-ಕಲಿ’ ಪದ್ಧತಿ ಹುಟ್ಟಿ ಆಮೇಲೆ ರಾಜ್ಯದ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಆಡುತ್ತ ಕಲಿಯುವ ಮಾತು ನಮಗೆ ಹೊರಗಿನಿಂದ ಬರಬೇಕಾದದ್ದಲ್ಲ.

ಸಂಗಮದ ಆಚೆಯ ಒಂದು ಹಳ್ಳಿಯಲ್ಲಿ ನಮ್ಮ ಸಂಬಂಧಿಕರಿದ್ದಾರೆ. ಅಲ್ಲಿಗೆ ಹೋದಾಗ ಊರಿನ ಅಂಗನವಾಡಿಯಲ್ಲಿ ಅರ್ಧ ದಿನ ಕುಳಿತು ನೋಡಿದೆ. ಅಲ್ಲಿಯ ಕಾರ್ಯಕರ್ತೆ ಮಕ್ಕಳಿಗೆ ನೂರರ ಎಣಿಕೆ ಹೇಳಿಸಲಿಲ್ಲ. ಊಟದ ಹೊತ್ತಿಗೆ ಒಬ್ಬ ಹುಡುಗನನ್ನು ಕರೆದು “ಸಾಲಿನಲ್ಲಿ ಎಷ್ಟು ಜನ ಇದ್ದಾರೆ ನೋಡಿ ಅಷ್ಟು ತಟ್ಟೆ ತಾ” ಎಂದರು. ಅವನು ಆರು ತಟ್ಟೆ ತಂದ, ಏಳನೆಯ ಹುಡುಗಿಗೆ ತಟ್ಟೆ ಇಲ್ಲ. ಯಾರೂ ಬೈಯಲಿಲ್ಲ. “ಒಂದು ಕಮ್ಮಿ” ಎಂದು ಅವನೇ ಹೇಳಿ ಓಡಿಹೋಗಿ ತಂದ. ನನ್ನ ಮೊಮ್ಮಗಳ ಕಥೆ ಹೇಳಿದೆ. ಆಕೆ, “ಯಜಮಾನ್ರೇ, ನೂರು ಹೇಳೋದು ನಿಲ್ಲಿಸಬೇಡಿ, ಹೇಳ್ಲಿ. ಆದರೆ ದಿನಾ ನಾಲ್ಕು ಸಲ ಏನಾದ್ರೂ ಎಣಿಸಿ ತರೋಕೆ ಹೇಳಿ. ಐದರ ಒಳಗೇ ಇರಲಿ. ಐದು ಗಟ್ಟಿಯಾದ್ರೆ ನೂರು ತಾನಾಗಿ ಬರುತ್ತೆ” ಎಂದರು. ಈ ಲೇಖನದ ಸಾರವೆಲ್ಲ ಆ ಮಾತಿನಲ್ಲಿಯೇ ಇದೆ.

ವಯಸ್ಸಿಗೆ ತಕ್ಕಷ್ಟು

ಒಂದೂವರೆ ವರ್ಷದಿಂದ ಮೂರು ವರ್ಷದವರೆಗೆ ಪಾಠವೆಂಬುದು ಬೇಡ. ಕೆಲಸ ಮಾಡುತ್ತ ಲೆಕ್ಕವನ್ನು ಬಾಯಿಬಿಟ್ಟು ಹೇಳಿದರೆ ಸಾಕು. ಅಂಗಿ ತೊಡಿಸುವಾಗ “ಒಂದು ಕೈ, ಎರಡು ಕೈ”, ಮೆಟ್ಟಿಲು ಹತ್ತುವಾಗ “ಒಂದು, ಎರಡು, ಮೂರು”, ತಟ್ಟೆಗೆ ಇಡ್ಲಿ ಹಾಕುವಾಗ “ನಿನಗೆ ಒಂದು, ಅಣ್ಣನಿಗೆ ಎರಡು”. ‘ಹೆಚ್ಚು, ಕಡಿಮೆ, ಇನ್ನೊಂದು, ಖಾಲಿ, ದೊಡ್ಡದು, ಚಿಕ್ಕದು’ ಎಂಬ ಮಾತುಗಳು ಕಿವಿಗೆ ಬೀಳುತ್ತಿರಲಿ. ಎಣಿಸಿ ಮುಗಿಸಿದ ಮೇಲೆ ಒಟ್ಟನ್ನು ಒತ್ತಿ ಹೇಳುವುದನ್ನು ಮರೆಯಬಾರದು: “ಒಂದು, ಎರಡು, ಮೂರು. ಮೂರು ಲೋಟ!” ಕೊನೆಯ ಹೆಸರೇ ಲೆಕ್ಕ ಎಂಬುದು ಮಗುವಿಗೆ ಹೊಳೆಯುವುದು ಹೀಗೆ ಹಲವು ಸಲ ಕೇಳಿದ ಮೇಲೆಯೇ.

ಮೂರರಿಂದ ನಾಲ್ಕರವರೆಗೆ ‘ತಾ’ ಮತ್ತು ‘ಕೊಡು’ ಆಟ. ಎರಡು ಈರುಳ್ಳಿ ತಾ, ಮೂರು ಚಮಚ ತಾ. ತಪ್ಪು ತಂದರೆ “ತಪ್ಪು” ಎನ್ನಬೇಡಿ. “ಬಾ, ಇಬ್ಬರೂ ಎಣಿಸೋಣ” ಎನ್ನಿ. ವಸ್ತುಗಳನ್ನು ಸಾಲಾಗಿ ಇಟ್ಟು, ಎಣಿಸಿದ್ದನ್ನು ಪಕ್ಕಕ್ಕೆ ಸರಿಸುತ್ತ ಹೋದರೆ ನಾಲಗೆ ಬೆರಳಿಗಿಂತ ಮುಂದೆ ಓಡುವುದಿಲ್ಲ. ಸಂತೆಯಲ್ಲಿ ತೆಂಗಿನಕಾಯಿ ಎಣಿಸುವವನು ಮಾಡುವುದೂ ಅದನ್ನೇ ಅಲ್ಲವೇ?

ನಾಲ್ಕು ವರ್ಷ ದಾಟಿದ ಮೇಲೆ ಹತ್ತರವರೆಗೆ, ಆಮೇಲೆ ಇಪ್ಪತ್ತರವರೆಗೆ. “ಬುಟ್ಟಿಯಲ್ಲಿ ನಾಲ್ಕು ಇದೆ, ಇನ್ನೊಂದು ಹಾಕಿದರೆ?” “ಐದರಲ್ಲಿ ಎರಡು ಅಜ್ಜಿಗೆ ಕೊಟ್ಟರೆ?” ಮೊದಲು ಕಣ್ಣಿಗೆ ಕಾಣುವ ಹಾಗೆ, ಆಮೇಲೆ ಬುಟ್ಟಿಗೆ ಬಟ್ಟೆ ಮುಚ್ಚಿ. ಇಲ್ಲಿ ನಮ್ಮ ಭಾಷೆ ನಮಗೆ ನೆರವಾಗುತ್ತದೆ. ‘ಹದಿಮೂರು’ ಎಂದರೆ ಹತ್ತು ಮತ್ತು ಮೂರು, ‘ಹದಿನಾಲ್ಕು’ ಎಂದರೆ ಹತ್ತು ಮತ್ತು ನಾಲ್ಕು. ‘ಇಪ್ಪತ್ತೈದು’ ಎಂಬ ಹೆಸರಿನಲ್ಲಿ ಇಪ್ಪತ್ತೂ ಐದೂ ಬಿಡಿಯಾಗಿ ಕೇಳಿಸುತ್ತವೆ. ಇಂಗ್ಲಿಷಿನ ‘ಇಲೆವೆನ್, ಟ್ವೆಲ್ವ್’ನಲ್ಲಿ ಮಗುವಿಗೆ ಅಂತಹ ಸುಳಿವು ಸಿಗುವುದಿಲ್ಲ. ಶಾಲೆಯ ಮಾಧ್ಯಮ ಯಾವುದೇ ಆಗಿರಲಿ, ಮನೆಯ ಎಣಿಕೆ ಮನೆಯ ಮಾತಿನಲ್ಲಿ ನಡೆಯಲಿ. ಹತ್ತು ಅಡಿಕೆಯ ಒಂದು ಗುಡ್ಡೆ, ಪಕ್ಕದಲ್ಲಿ ಮೂರು ಬಿಡಿ ಅಡಿಕೆ ಇಟ್ಟು ‘ಹದಿ-ಮೂರು’ ಎಂದು ತೋರಿಸಿದರೆ ಮುಂದಿನ ಕೂಡುವ ಲೆಕ್ಕದ ಅರ್ಧ ದಾರಿ ಸವೆದಂತೆ.

ಹಿರಿಯರು ಬಿಟ್ಟುಹೋದ ಆಟಗಳು

ಇದಕ್ಕಾಗಿ ಅಂಗಡಿಯಿಂದ ಆಟಿಕೆ ತರಬೇಕಾಗಿಲ್ಲ. ಮೈಸೂರು ಸೀಮೆ ಮಣೆಯಾಟಗಳಿಗೆ ಹೆಸರಾದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಇಂತಹ ಆಟಗಳಲ್ಲಿ ಬಹಳ ಆಸಕ್ತಿಯಿದ್ದವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಅರಮನೆಯ ಮಾತು ಹಾಗಿರಲಿ, ನಮ್ಮ ಅಟ್ಟದ ಮೇಲೂ ಒಂದು ಅಳಗುಳಿಮಣೆ ಧೂಳು ಹಿಡಿದು ಕುಳಿತಿರಬಹುದು.

ಅಳಗುಳಿಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಒಂದು ಗುಳಿಯ ಹುಣಸೆ ಬೀಜಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗುವುದು ಆಟದ ಜೀವಾಳ. ಒಂದು ಗುಳಿಗೆ ಒಂದು ಬೀಜ ಎಂಬುದೇ ಎಣಿಕೆಯ ಮೊದಲ ನಿಯಮ. ನಾಲ್ಕು ವರ್ಷದ ಮಗುವಿಗೆ ಪೂರ್ತಿ ಆಟ ಬೇಡ. ನಾಲ್ಕು ಗುಳಿ ಸಾಕು, ಗುಳಿಗೆ ಮೂರು ಬೀಜ ಸಾಕು. ಬಿತ್ತುವುದನ್ನಷ್ಟೇ ಆಡಿಸಿ. ಆರು ವರ್ಷಕ್ಕೆ ಅದೇ ಮಗು ನಿಮ್ಮನ್ನು ಸೋಲಿಸುತ್ತದೆ.

ಚೌಕಾಬಾರಕ್ಕೆ ನಾಲ್ಕು ಕವಡೆ, ಇಲ್ಲವೇ ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿದ ಹುಣಸೆ ಬೀಜ. ಎಸೆದಾಗ ಬಿಳಿ ಎಷ್ಟು ಬಿದ್ದಿದೆ ಎಂದು ನೋಡಿದ ಕೂಡಲೇ ಹೇಳಬೇಕು. ಎಣಿಸದೆ ಒಂದೇ ನೋಟಕ್ಕೆ ಮೂರನ್ನು ಮೂರೆಂದು ಗುರುತಿಸುವುದು ದೊಡ್ಡ ಶಕ್ತಿ. ಅದು ಇಂತಹ ಆಟದಿಂದಲೇ ಬರುತ್ತದೆ. ಬಿದ್ದಷ್ಟು ಮನೆ ನಡೆಯುವಾಗ ಮತ್ತೆ ಎಣಿಕೆ. ನಾಲ್ಕೂ ಬಿಳಿಯಾದರೆ ಚೌಕ, ಲೆಕ್ಕ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಲೆಕ್ಕ ಎಂಟು.

ತೀರ ಚಿಕ್ಕವರಿಗೆ ಇನ್ನೂ ಸುಲಭದ ಆಟವೊಂದಿದೆ. ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ಹತ್ತು ಮನೆಗಳ ಒಂದೇ ನೇರ ಸಾಲು ಬರೆದು 1ರಿಂದ 10ರವರೆಗೆ ಅಂಕಿ ಹಾಕಿ. ಎರಡು ಬೀಜ ಎಸೆದು, ಬಿದ್ದಷ್ಟು ಮನೆ ಮಗು ತಾನೇ ಹಾರಲಿ. ಒಂದು ಕಟ್ಟಳೆ ಮಾತ್ರ ಮುಖ್ಯ. ಐದನೆಯ ಮನೆಯಲ್ಲಿ ನಿಂತು ಎರಡು ಬಿದ್ದರೆ ‘ಒಂದು, ಎರಡು’ ಎನ್ನದೆ ‘ಆರು, ಏಳು’ ಎಂದು ಮನೆಯ ಅಂಕಿಯನ್ನೇ ಹೇಳಬೇಕು. ಅಮೆರಿಕದಲ್ಲಿ ಸೀಗ್ಲರ್ ಮತ್ತು ರಮಣಿ ಎಂಬ ಸಂಶೋಧಕರು ಬಡ ಕುಟುಂಬಗಳ ಶಿಶುಶಾಲೆಯ ಮಕ್ಕಳಿಗೆ ಇಂತಹದೇ ಆಟವನ್ನು ಎರಡು ವಾರಗಳೊಳಗೆ ನಾಲ್ಕು ಸಲ, ಸಲಕ್ಕೆ ಹದಿನೈದು ನಿಮಿಷದಂತೆ ಆಡಿಸಿ 2008ರಲ್ಲಿ ಫಲವನ್ನು ಪ್ರಕಟಿಸಿದರು. ಒಟ್ಟು ಒಂದು ಗಂಟೆಯ ಆಟದಿಂದ ಮಕ್ಕಳ ಸಂಖ್ಯಾಜ್ಞಾನ ಸ್ಪಷ್ಟವಾಗಿ ಹೆಚ್ಚಿತ್ತು. ಅಂಕಿಯ ಬದಲು ಬಣ್ಣ ಬಳಿದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಆಗಲಿಲ್ಲ.

ಹೆಣ್ಣುಮಕ್ಕಳು ಬೆಳಿಗ್ಗೆ ಹಾಕುವ ಚುಕ್ಕಿ ರಂಗೋಲಿಯೂ ಲೆಕ್ಕದ ಪಾಠವೇ. ಐದರಿಂದ ಒಂದಕ್ಕೆ ಇಳಿಯುವ ಚುಕ್ಕಿಗಳನ್ನು ಮಗುವಿನ ಕೈಯಲ್ಲಿ ಇಡಿಸಿದರೆ ಹಿಂದಕ್ಕೆ ಎಣಿಸುವುದು ಬರುತ್ತದೆ. ಗಂಡುಮಕ್ಕಳನ್ನು ಇದರಿಂದ ದೂರವಿಡಬೇಕಾದ ಕಾರಣವಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಗೆ ಹೋದಾಗ ಪಂಚಮಹಾರಥೋತ್ಸವದ ಐದು ತೇರುಗಳನ್ನು ಮಗುವಿನ ಐದು ಬೆರಳಿಗೆ ಹೊಂದಿಸಿ ತೋರಿಸಿ. ಮನೆಗೆ ಬಂದ ಮೇಲೆ ಯಾವ ತೇರು ದೊಡ್ಡದು, ಯಾವುದು ಮೊದಲು ಬಂತು ಎಂದು ಕೇಳಿ.

ತೋಟದಲ್ಲಿ, ಅಡಿಗೆಮನೆಯಲ್ಲಿ

ಅಡಿಕೆ ಮರದಿಂದ ಒಂದು ಸೋಗೆ ಬಿದ್ದರೆ ಕಾಂಡದ ಮೇಲೆ ಒಂದು ಉಂಗುರ ಉಳಿಯುತ್ತದೆ. ಮಗುವಿನ ಎತ್ತರಕ್ಕೆ ಎಷ್ಟು ಉಂಗುರ ಎಂದು ಮುಟ್ಟಿ ಎಣಿಸಲಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಮರದಿಂದ ಮರಕ್ಕೆ ಅದರ ಹೆಜ್ಜೆ ಎಷ್ಟು, ತಾತನ ಹೆಜ್ಜೆ ಎಷ್ಟು? ಒಂದೇ ದೂರಕ್ಕೆ ಎರಡು ಲೆಕ್ಕ ಏಕೆ ಬಂತು ಎಂದು ಮಗುವೇ ಕೇಳಲಿ. ಬಾಳೆಗೊನೆಯಲ್ಲಿ ಚಿಪ್ಪು ಎಷ್ಟು, ಚಿಪ್ಪಿನಲ್ಲಿ ಕಾಯಿ ಎಷ್ಟು? ಸೋಮವಾರಪೇಟೆಯಲ್ಲಿ ನನ್ನ ಮಗಳು ಕಾಫಿ ಹಣ್ಣಿನ ಕಾಲದಲ್ಲಿ ತನ್ನ ಐದು ವರ್ಷದ ಮಗನ ಜೊತೆ ಲೈನ್ ಮನೆಗಳ ಮಕ್ಕಳನ್ನೂ ಕೂರಿಸಿಕೊಂಡು ಹಣ್ಣು ಹಿಚುಕಿಸುತ್ತಾಳೆ. ಒಂದು ಹಣ್ಣಿಗೆ ಎರಡು ಬೀಜ, ಎರಡು ಹಣ್ಣಿಗೆ ನಾಲ್ಕು. ನಡುವೆ ಒಂಟಿ ಬೀಜದ ಪೀಬೆರಿ ಸಿಕ್ಕಿದರೆ ಲೆಕ್ಕ ತಪ್ಪುತ್ತದೆ, ಮಕ್ಕಳು ಕೂಗಾಡುತ್ತಾರೆ. ಎರಡರ ಮಗ್ಗಿಯ ಬೇರು ಅಲ್ಲಿಯೇ ಇಳಿಯುತ್ತಿದೆ.

ಅಡಿಗೆಮನೆಯಲ್ಲಿ ಪಾವು, ಸೇರು ಇನ್ನೂ ಇವೆ. ವ್ಯಾಪಾರಕ್ಕೆ ಮೆಟ್ರಿಕ್ ಅಳತೆ ಬಂದು ಅರವತ್ತು ವರ್ಷ ದಾಟಿದರೂ ಅಕ್ಕಿ ಅಳೆಯುವುದು ಪಾವಿನಲ್ಲೇ. ಮಗು ರಾಗಿಯನ್ನು ಪಾವಿನಿಂದ ಸೇರಿಗೆ ಸುರಿಯಲಿ. ನಾಲ್ಕು ಪಾವಿಗೆ ಸೇರು ತುಂಬುವುದನ್ನು ಅದು ತಾನೇ ಕಂಡುಕೊಳ್ಳಲಿ. ಒಂದು ಪಾವು ರಾಗಿಯನ್ನು ಉದ್ದ ಲೋಟಕ್ಕೂ ಇನ್ನೊಂದು ಪಾವನ್ನು ಅಗಲ ತಟ್ಟೆಗೂ ಸುರಿದು ಯಾವುದು ಹೆಚ್ಚು ಎಂದು ಕೇಳಿದರೆ ನಾಲ್ಕು ವರ್ಷದ ಮಗು ಉದ್ದ ಲೋಟವನ್ನು ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಪಿಯಾಜೆ ಎಂಬ ವಿದ್ವಾಂಸರು ಇಂತಹ ಪ್ರಯೋಗಗಳಿಂದಲೇ ಪ್ರಸಿದ್ಧರಾದರು. ಇದು ದಡ್ಡತನವಲ್ಲ, ವಯಸ್ಸಿನ ಗುಣ. ವಾದ ಮಾಡಬೇಡಿ. ಮತ್ತೆ ಪಾವಿಗೆ ಸುರಿಯಲು ಹೇಳಿ, ಅಷ್ಟು ಸಾಕು.

ಹಾಳೆಯ ಮೇಲಿನ ಅಂಕಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಕೈಯ ಲೆಕ್ಕ ಬಂದರೆ ಸಾಲದು, ಅದು ಹಾಳೆಯ ಅಂಕಿಗೆ ಕೂಡಬೇಕು. ನನ್ನ ತಾಯಿಯ ಕಥೆಯಿಂದ ಇದನ್ನು ತಿಳಿಸುತ್ತೇನೆ.

ಅವರು ಶಾಲೆಗೆ ಹೋದವರಲ್ಲ. ಅಡಿಕೆ ಎಣಿಸಲು ಕುಳಿತರೆ ಒಂದು ಕೈಗೆ ಐದರಂತೆ ಎತ್ತಿ ಹಾಕುವರು. ಇಪ್ಪತ್ತು ಕೈಗೆ ಒಂದು ನೂರು, ನೂರಕ್ಕೆ ಒಂದು ಕಲ್ಲು. ಎಷ್ಟು ಸಾವಿರವಾದರೂ ಒಂದು ಅಡಿಕೆ ತಪ್ಪುತ್ತಿರಲಿಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತಂದೆ ಕಾಯಿಲೆಯಿಂದ ಮಲಗಿದ್ದಾಗ ಅವರೇ ಏಳು ಚೀಲ ಅಡಿಕೆಯನ್ನು ಒಬ್ಬ ವ್ಯಾಪಾರಿಗೆ ಕೊಟ್ಟರು. ಚೀಟಿಯಲ್ಲಿ ಏಳು ಚೀಲದ ತೂಕವನ್ನೂ ಸರಿಯಾಗಿ ಬರೆದು, ಕೂಡಿದ ಮೊತ್ತದಲ್ಲಿ 412ರ ಬದಲು 402 ಕಿಲೋ ಎಂದು ಕಾಣಿಸಿದ್ದರು. ತಪ್ಪೋ ಬೇಕೆಂದೇ ಮಾಡಿದ್ದೋ ತಿಳಿಯದು. ತಿಂಗಳಾದ ಮೇಲೆ ನಾನು ಕೂಡಿ ನೋಡಿದಾಗ ಹತ್ತು ಕಿಲೋ ಅಡಿಕೆಯ ಹಣ ಹೋಗಿತ್ತು. “ಲೆಕ್ಕ ನನ್ನ ಕೈಯಲ್ಲಿತ್ತು ಮಗ, ಚೀಟಿ ಅವನ ಕೈಯಲ್ಲಿತ್ತು” ಎಂದು ಅವರು ಬಹಳ ದಿನ ಕೊರಗಿದರು. ಆ ಹಣಕ್ಕಿಂತ ಅವರ ಕೊರಗೇ ನನಗೆ ಹೆಚ್ಚು ನೋವು ಕೊಟ್ಟಿತು. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಎರಡು ಲೆಕ್ಕಗಳ ನಡುವೆ ಸೇತುವೆ ಇರಲಿಲ್ಲ, ಅಷ್ಟೆ.

ಈ ಸೇತುವೆ ತಾನಾಗಿ ಬೀಳುವುದಿಲ್ಲ ಎಂಬುದನ್ನು ಈಚಿನ ಸಂಶೋಧನೆಗಳೂ ಹೇಳುತ್ತವೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಸಾಮಾನು ಮಾರುವ ಮಕ್ಕಳ ಬಗ್ಗೆ 2025ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೆಲೆ, ಚಿಲ್ಲರೆಗಳನ್ನು ಮನಸ್ಸಿನಲ್ಲಿಯೇ ಸರಿಯಾಗಿ ಲೆಕ್ಕ ಹಾಕುವ ಆ ಮಕ್ಕಳು ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದುಕೊಟ್ಟರೆ ತಡವರಿಸಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಇದಕ್ಕೆ ಮೊದಲು, 2017ರಲ್ಲಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ದೆಹಲಿಯ 214 ಶಿಶುಶಾಲೆಗಳ 1,540 ಮಕ್ಕಳೊಡನೆ ನಡೆಸಿದ ಪ್ರಯೋಗದ ಫಲ ಹೊರಬಂದಿತ್ತು. ನಾಲ್ಕು ತಿಂಗಳು ಹೆಚ್ಚು ಕಡಿಮೆ, ಆಕಾರಗಳ ಆಟ ಆಡಿದ ಮಕ್ಕಳಿಗೆ ಅಂದಾಜಿನ ಶಕ್ತಿ ಹೆಚ್ಚಿ, ಒಂದು ವರ್ಷ ಕಳೆದರೂ ಉಳಿದಿತ್ತು. ಆದರೆ ಶಾಲೆಯ ಗಣಿತದಲ್ಲಿ ಅವರು ಇತರರಿಗಿಂತ ಮುಂದೆ ಹೋಗಲಿಲ್ಲ.

ಆದುದರಿಂದ ಆಟದ ಕೊನೆಗೆ ಅಂಕಿಯನ್ನು ತನ್ನಿ. ಐದು ಅಡಿಕೆ ಎಣಿಸಿದ ಮೇಲೆ ಪಕ್ಕದಲ್ಲಿ ಸ್ಲೇಟಿನ ಮೇಲೆ 5 ಎಂದು ಬರೆದಿಡಿ. ಹಳೆಯ ಕ್ಯಾಲೆಂಡರಿನ ಅಂಕಿಗಳನ್ನು ಕತ್ತರಿಸಿ, ಒಂದೊಂದು ಅಂಕಿಯ ಮೇಲೆ ಅಷ್ಟೇ ಬೀಜ ಇಡಿಸಿ. ಖಾಲಿ ಬಟ್ಟಲಿಗೆ 0. ಬಸ್ಸಿನ ನಂಬರು, ಚೀಲದ ಮೇಲಿನ 50 ಕಿಲೋ, ತಕ್ಕಡಿಯ ಮೇಲೆ ಮೂಡುವ ಅಂಕಿ, ಎಲ್ಲವನ್ನೂ ಓದಿಸಿ. ಬರೆಯುವ ಅವಸರ ಬೇಡ. ಮೊದಲು ಕಣ್ಣು ಗುರುತಿಸಲಿ, ಬೆರಳಿಗೆ ಬಲ ಬಂದ ಮೇಲೆ ಕೈ ಬರೆಯುತ್ತದೆ. ಬಾಯಿಯ ಹೆಸರು, ಕೈಯ ವಸ್ತು, ಹಾಳೆಯ ಅಂಕಿ ಈ ಮೂರೂ ಒಂದೇ ಎಂದು ಮಗುವಿಗೆ ಗೊತ್ತಾದ ದಿನ ನಮ್ಮ ಕೆಲಸ ಮುಗಿಯಿತು. ಮುಂದಿನದು ಶಾಲೆಯ ಕೆಲಸ.

ನೆನಪಿಡಬೇಕಾದ ಎಚ್ಚರಿಕೆಗಳು

ಮೂರು ವರ್ಷದ ಒಳಗಿನ ಮಕ್ಕಳ ಕೈಗೆ ಹುಣಸೆ ಬೀಜ, ಕಾಫಿ ಬೀಜ, ಕವಡೆ, ಸುಲಿದ ಅಡಿಕೆ ಕೊಡಕೂಡದು. ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಅವರಿಗೆ ಲೋಟ, ಚಮಚ, ಈರುಳ್ಳಿ, ಸಿಪ್ಪೆ ಸುಲಿಯದ ದೊಡ್ಡ ಅಡಿಕೆಕಾಯಿ ಸಾಕು. ದೊಡ್ಡ ಮಕ್ಕಳೂ ಬೀಜದ ಆಟವನ್ನು ಹಿರಿಯರ ಕಣ್ಣೆದುರಿಗೆ ಆಡಲಿ. ಅಡಿಕೆ ಎಣಿಸುವುದಕ್ಕೆ ಮಾತ್ರ, ಬಾಯಿಗೆ ಹಾಕುವುದಕ್ಕಲ್ಲ ಎಂಬುದನ್ನು ಮೊದಲ ದಿನವೇ ಹೇಳಬೇಕು.

ಗುಲಗಂಜಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿದೆ, ಅಲ್ಲಿಯ ದೇವರು ಗುಂಜಾ ನರಸಿಂಹಸ್ವಾಮಿ. ಅಕ್ಕಸಾಲಿಗರು ಚಿನ್ನ ತೂಗಿದ್ದೂ ಅದರಿಂದಲೇ. ಕೆಂಪು ಮೈಗೆ ಕಪ್ಪು ಚುಕ್ಕಿಯ ಆ ಬೀಜ ಮಕ್ಕಳ ಕಣ್ಣನ್ನು ಸೆಳೆಯುತ್ತದೆ, ಅಳಗುಳಿಮಣೆಗೂ ಅದನ್ನು ಬಳಸುವವರಿದ್ದಾರೆ. ಆದರೆ ಅದರೊಳಗೆ ಘೋರ ವಿಷವಿದೆ. ಅಗಿದು ನುಂಗಿದರೆ ಒಂದೆರಡು ಬೀಜವೂ ಮಗುವಿನ ಜೀವ ತೆಗೆಯಬಲ್ಲದು. ಮಕ್ಕಳ ಆಟದಲ್ಲಿ ಗುಲಗಂಜಿ ಖಂಡಿತ ಬೇಡ. ಹಾಗೆಯೇ ಮೈಲುತುತ್ತ ಅಳೆದ ಡಬ್ಬಿ, ಔಷಧಿಯ ಮುಚ್ಚಳ, ಖಾಲಿ ಬಾಟಲಿಗಳು ಎಷ್ಟು ತೊಳೆದರೂ ಆಟಿಕೆಯಾಗಬಾರದು.

ಕೊನೆಯದು ನಮ್ಮ ನಾಲಗೆಗೆ ಹೇಳುವ ಎಚ್ಚರಿಕೆ. “ಇಷ್ಟೂ ಬರಲ್ವಾ?” ಎಂಬ ಒಂದು ಮಾತು ಮಗುವನ್ನು ಲೆಕ್ಕದಿಂದ ವರ್ಷಗಟ್ಟಲೆ ದೂರ ಮಾಡುತ್ತದೆ. ಹತ್ತು ನಿಮಿಷ ಆಡಿಸಿ, ಮಗು ಎದ್ದು ಹೋದರೆ ಬಿಟ್ಟುಬಿಡಿ. ನೆಂಟರ ಮುಂದೆ ಪರೀಕ್ಷೆ ಮಾಡಬೇಡಿ. ಆ ತಪ್ಪನ್ನು ನಾನೇ ಮಾಡಿದವನು.

ನಮ್ಮ ಮನೆಯಲ್ಲಿ ಈಗ

ಅಂಗನವಾಡಿಯಿಂದ ಬಂದ ಮೇಲೆ ನಾವು ಹೆಚ್ಚೇನೂ ಮಾಡಲಿಲ್ಲ. ಊಟಕ್ಕೆ ತಟ್ಟೆ ಇಡುವ ಕೆಲಸ ಮೊಮ್ಮಗಳದಾಯಿತು. ಸಂಜೆ ಅಜ್ಜಿಯ ಜೊತೆ ಹತ್ತು ಮನೆಯ ಆಟ. ಮೊದಲ ತಿಂಗಳು ಮೂರಕ್ಕಿಂತ ಮುಂದೆ ಹೋಗಲಿಲ್ಲ. ಸೊಸೆಗೆ ಬೇಸರ, ನನಗೆ ಅನುಮಾನ. ಎರಡನೆಯ ತಿಂಗಳ ಕೊನೆಗೆ ಒಂದು ರಾತ್ರಿ ತಟ್ಟೆ ಇಡುತ್ತ ತಾನೇ ನಿಂತು, “ತಾತ, ಅಪ್ಪ ಮೈಸೂರಿಗೆ ಹೋಗಿದ್ದಾರೆ. ಐದು ಬೇಡ, ನಾಲ್ಕು ಸಾಕು” ಎಂದು ಒಂದು ತಟ್ಟೆಯನ್ನು ತೆಗೆದು ಒಳಗಿಟ್ಟಳು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಇಂದಿಗೂ ಹದಿಮೂರಾದ ಮೇಲೆ ಒಮ್ಮೊಮ್ಮೆ ಹದಿನೈದಕ್ಕೆ ಹಾರುತ್ತಾಳೆ. ಚಿಂತೆಯಿಲ್ಲ, ಬೇರು ನೇರವಾಗಿ ಇಳಿದಿದೆ.

ಹೋದ ಕೊಯ್ಲಿನಲ್ಲಿ ತೂಕದ ಚೀಟಿ ತಂದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಕಿಗಳನ್ನು ಒಂದೊಂದಾಗಿ ತೋರಿಸಿದೆ. 4 ಎಂದಳು, 1 ಎಂದಳು, 2 ಎಂದಳು. ಅದು ನಾನೂರ ಹನ್ನೆರಡು ಎಂದು ಓದಲು ಇನ್ನೂ ಕೆಲವು ವರ್ಷ ಬೇಕು. ನನ್ನ ತಾಯಿಗೆ ಇಲ್ಲದ ಸೇತುವೆಯ ಮೊದಲ ಕಲ್ಲು ಬಿದ್ದಿದೆ ಎಂದುಕೊಂಡೆ. ಸದಸ್ಯ ಬಾಂಧವರು, ಮುಖ್ಯವಾಗಿ ಮನೆಯ ತಾಯಂದಿರು ಮತ್ತು ಅಜ್ಜ ಅಜ್ಜಿಯರು, ಇಂದು ರಾತ್ರಿಯ ಊಟದ ತಟ್ಟೆಗಳಿಂದಲೇ ಇದನ್ನು ಆರಂಭಿಸಬಹುದು. ಖರ್ಚು ಏನೂ ಇಲ್ಲ.